ಸಂತ ಫಿಲಿಪ್ ನೇರಿಯವರ ರೀತಿಯಲ್ಲಿ ರೋಮ್‌ನ ಏಳು ದೇವಾಲಯಗಳ ಯಾತ್ರೆ

ಅರ್ಧ ಗಡ್ಡವನ್ನಷ್ಟೇ ಬೋಳಿಸಿಕೊಂಡು ಜನರ ನಡುವೆ ಓಡಾಡಿ, ತಮ್ಮನ್ನು ಪುಣ್ಯಪುರುಷರೆಂದು ಹೊಗಳುವವರ ಬಾಯಿ ಮುಚ್ಚಿಸುತ್ತಿದ್ದ ರೋಮ್‌ನ ಕ್ಯಾಥೊಲಿಕ್ ಗುರು ಸಂತ ಫಿಲಿಪ್ ನೇರಿಯವರು (1515–1595) ರೂಢಿಗೆ ತಂದ ಈ ಯಾತ್ರೆಗೆ ಒಬ್ಬರೇ ಹೊರಡದೆ ಗೆಳೆಯರನ್ನು ಕೂಡಿಸಿಕೊಳ್ಳಬೇಕು. ಒಟ್ಟು ನಡಿಗೆ 20 ಕಿಲೋಮೀಟರಿನಷ್ಟಿರುವುದರಿಂದ ಬೆಳಿಗ್ಗೆ ಬೇಗನೆ ಸಂತ ಪೇತ್ರರ ಮಹಾದೇವಾಲಯದಿಂದ ಆರಂಭಿಸಿ, ಸಂತ ಪೌಲರ ಮತ್ತು ಸಂತ ಸೆಬಾಸ್ಟಿಯನ್ನರ ದೇವಾಲಯಗಳಿಗೆ ಭಕ್ತಿಗೀತೆಗಳನ್ನು ಹಾಡುತ್ತಾ ನಡೆಯಿರಿ. ಮಧ್ಯಾಹ್ನ, ಹಿಂದೆ ಮತ್ತೇಯಿ ಮನೆತನದ ತೋಟವಾಗಿದ್ದ ವಿಲ್ಲಾ ಚೆಲಿಮೊಂತಾನ ಉದ್ಯಾನದಲ್ಲಿ, ಫಿಲಿಪ್ಪರ ಸಂಗಡಿಗರಂತೆಯೇ ಹುಲ್ಲಿನ ಮೇಲೆ ಕುಳಿತು ಬ್ರೆಡ್ಡು, ಮೊಟ್ಟೆ, ಚೀಸ್, ಸೇಬುಗಳನ್ನು ಹಂಚಿಕೊಂಡು ತಿನ್ನಿ. ಈ ಊಟವನ್ನು ಅವಸರದಲ್ಲಿ ಮುಗಿಸುವುದು ಖಂಡಿತ ಸಲ್ಲದು; ಫಿಲಿಪ್ಪರ ಯಾತ್ರೆಯಲ್ಲಿ ಸಂಗೀತ, ಸಹಭೋಜನ ಮತ್ತು ನಗು ಪ್ರಾರ್ಥನೆಯೊಂದಿಗೆ ಬೆರೆತೇ ಇದ್ದವು. ಬಳಿಕ ಲ್ಯಾಟರನ್, ಪವಿತ್ರ ಶಿಲುಬೆ ಮತ್ತು ಸಂತ ಲಾರೆನ್ಸರ ದೇವಾಲಯಗಳನ್ನು ಸಂದರ್ಶಿಸಿ, ಸಂತ ಮೇರಿ ಮೇಜರ್ ಮಹಾದೇವಾಲಯದಲ್ಲಿ ಯಾತ್ರೆಯನ್ನು ಮುಗಿಸಿರಿ.