ತರಗತಿಯಲ್ಲಿ ಎಲ್ಲ ಮಕ್ಕಳೂ ಮಾತಾಡಬೇಕಾದರೆ

ಪ್ರಶ್ನೆ ಕೇಳಿದಾಗ ಕೈ ಎತ್ತುವವರು ದಿನವೂ ಅದೇ ನಾಲ್ಕೈದು ಮಕ್ಕಳು. ತೊದಲುವ ಮಗು, ಕಿವಿ ಮಂದ ಇರುವ ಮಗು, ಆಟಿಸಂ ಇರುವ ಮಗು, ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು ಸುಮ್ನೆ ಕೂತಿರುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲ್ಲರಿಗೂ ಒಟ್ಟಿಗೆ ಕಲಿಸಿ ಎನ್ನುತ್ತದೆ. ಒಟ್ಟಿಗೆ ಕೂರಿಸಿದ ಮೇಲೆ ಮಾತಿನಲ್ಲೂ ಪಾಲು ಸಿಗಬೇಕಲ್ವಾ?

1. ಮೊದಲು ಗಮನಿಸಿ
ಒಂದು ವಾರ ಆಟದ ಬಯಲಲ್ಲಿ, ಬಿಸಿಯೂಟದ ಸಾಲಿನಲ್ಲಿ ಕಿವಿಗೊಡಿ. ಯಾವ ಮಗು ಯಾರ ಜೊತೆ, ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂದು ಬರೆದಿಡಿ. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ ಕುಂಟೆಬಿಲ್ಲೆಯಲ್ಲಿ ಎಲ್ಲರಿಗೂ ನಿಯಮ ಹೇಳುತ್ತಿರಬಹುದು. ಹಿಂದಿನಿಂದ ಕರೆದರೆ ತಿರುಗದ ಮಗುವಿನ ಕಿವಿ ಪರೀಕ್ಷೆ ಮಾಡಿಸಿ.

2. ಕೇಳಿ, ಕಾಯಿರಿ
ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಖರ್ಚೇನೂ ಇಲ್ಲ, ಆದರೆ ಅಭ್ಯಾಸ ಬೇಕು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂದು ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ಕೆಲವು ಮಕ್ಕಳಿಗೆ ಇನ್ನೂ ಜಾಸ್ತಿ ಹೊತ್ತು ಬೇಕು. ಮನಸ್ಸಲ್ಲೇ ಐದರವರೆಗೆ ಎಣಿಸಿ. ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ತಿರುಗಿಸಿ ಕೇಳಬೇಡಿ, ಮಗು ಮತ್ತೆ ಮೊದಲಿಂದ ಯೋಚಿಸಬೇಕಾಗುತ್ತದೆ. ತೊದಲುವ ಮಗುವಿನ ವಾಕ್ಯವನ್ನು ನೀವು ಮುಗಿಸಬೇಡಿ, ಪಕ್ಕದವರಿಗೂ ಮುಗಿಸಲು ಬಿಡಬೇಡಿ. ‘ನಿಧಾನಕ್ಕೆ ಹೇಳು’ ಎನ್ನುವುದೂ ಬೇಡ. ಮುಖ ನೋಡುತ್ತಾ ಕೇಳಿಸಿಕೊಂಡರೆ ಸಾಕು.

3. ಮೊದಲು ಜೋಡಿ, ಆಮೇಲೆ ತರಗತಿ
ಇಡೀ ತರಗತಿಯ ಎದುರು ಮಾತಾಡಲು ದೊಡ್ಡವರಿಗೇ ಅಳುಕು. ಮೊದಲು ಪಕ್ಕದ ಗೆಳೆಯನಿಗೆ ಹೇಳಲಿ. ಮನೆಮಾತಿನಲ್ಲಿ ಹೇಳಿದರೂ ಸರಿ. ನಲಿ-ಕಲಿ (ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ವಿಧಾನ) ತರಗತಿಯಲ್ಲಿ ದಿನದ ಹವೆಯನ್ನು ಗುರುತಿಸುವ ಹವಾಮಾನ ನಕ್ಷೆ ಇದಕ್ಕೆ ಚೆನ್ನಾಗಿ ಒದಗುತ್ತದೆ: ‘ಇವತ್ತು ಆಕಾಶ...’ ಎಂದು ನೀವು ಶುರು ಮಾಡಿ, ಜೋಡಿ ಮುಗಿಸಲಿ. ದಿನಕ್ಕೊಂದು ಜೋಡಿ.

4. ಬೆರಳು ತೋರಿಸಿದರೂ ಉತ್ತರವೇ
ಮೋಡ, ಬಿಸಿಲು, ಮಳೆಯ ಚಿತ್ರದ ಕಾರ್ಡ್‌ಗಳನ್ನು ಎಲ್ಲರ ಕೈಗೂ ಕೊಡಿ. ಒಬ್ಬರಿಗೆ ಮಾತ್ರ ಕೊಟ್ಟರೆ ಆ ಮಗು ಬೇರೆಯಾಗಿ ಕಾಣುತ್ತದೆ. ಮಗು ಮೋಡ ತೋರಿಸಿದಾಗ ‘ಹೌದು, ಮೋಡ ಕವಿದಿದೆ’ ಎಂದು ಅದಕ್ಕೆ ಮಾತು ಸೇರಿಸಿ. ಚಿತ್ರ ಕೊಟ್ಟರೆ ಮಾತು ಬರುವುದು ತಡವಾಗುತ್ತದೆ ಎಂದು ಹಲವರು ಹೆದರುತ್ತಾರೆ. ಆ ಹೆದರಿಕೆ ಬೇಡ. ಇನ್ನು ಕಪ್ಪುಹಲಗೆಯ ಕಡೆ ತಿರುಗಿ ಮಾತಾಡಬೇಡಿ. ಕಿವಿ ಮಂದ ಇರುವ ಮಗುವಿಗೆ ನಿಮ್ಮ ತುಟಿ ಕಾಣಬೇಕು.

5. ತಿದ್ದುವುದು ಹೇಗೆ?
‘ಅಕ್ಕ ಬಂದ’ ಎಂದರೆ ‘ತಪ್ಪು’ ಎನ್ನಬೇಡಿ. ‘ಹೌದಾ, ಅಕ್ಕ ಬಂದಳಾ? ಏನು ತಂದಳು?’ ಎಂದು ಕೇಳಿ. ಸರಿಯಾದ ರೂಪ ಕಿವಿಗೆ ಬೀಳುತ್ತದೆ, ಮಾತೂ ಮುಂದುವರಿಯುತ್ತದೆ.

6. ಮನೆಯವರೊಡನೆ ಮಾತಾಡಿ
ಮನೆಮಾತು ಬಿಟ್ಟು ಕನ್ನಡವನ್ನೇ ಆಡಿ ಎಂದು ತಂದೆತಾಯಿಗೆ ಹೇಳಬೇಡಿ. ಆ ಭಾಷೆಯಲ್ಲಿ ಕಥೆ ಹೇಳಲು ಬಂದ ಮಗುವಿಗೆ ಕನ್ನಡದಲ್ಲೂ ಹೇಳುವುದು ಸುಲಭ. ಮನೆಮಾತಿನಲ್ಲೂ ಮಾತು ತಡವಾಗಿದ್ದರೆ ‘ತಾನಾಗಿ ಬರುತ್ತೆ’ ಎಂದು ಕೂರಬೇಡಿ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಇಂಥ ಮಕ್ಕಳಿಗೆ ನೆರವಾಗುವ ವಿಶೇಷ ಸಂಪನ್ಮೂಲ ಶಿಕ್ಷಕರನ್ನು ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮಾತು ಮತ್ತು ಕಿವಿಯ ತಪಾಸಣೆ ಅಲ್ಲಿ ಆಗುತ್ತದೆ. ಹೋಗುವಾಗ ಮೊದಲ ವಾರ ಬರೆದಿಟ್ಟ ಟಿಪ್ಪಣಿಯನ್ನು ತಂದೆತಾಯಿಯ ಕೈಗೆ ಕೊಟ್ಟು ಕಳಿಸಿ.