ವ್ಯಾನಿನ ಬ್ಯಾಟರಿಗೆ ಉರಿಬಿಸಿಲೂ ಆಗದು, ಕೊರೆಯುವ ಚಳಿಯೂ ಆಗದು

ಹಳೇ ಟೆಂಪೋ ಟ್ರಾವೆಲರ್‌ನಲ್ಲಿ ಮಂಚ, ಸ್ಟವ್, ಸಣ್ಣ ಫ್ರಿಜ್ ಕೂರಿಸಿಕೊಂಡು ಶರಾವತಿ ಹಿನ್ನೀರಿನ ಪಕ್ಕದಲ್ಲೋ ಕೊಡಚಾದ್ರಿ ಬುಡದಲ್ಲೋ ರಾತ್ರಿ ಕಳೆಯುವ ಆಸೆ ಇದೆಯಾ? ಹಾಗಾದರೆ ಲೈಟು, ಫ್ಯಾನಿಗೆ ಬೇರೆ ಬ್ಯಾಟರಿ ಬೇಕು. ಈ ಕೆಲಸಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ ಒಳ್ಳೆಯದು. 100 ಆಂಪಿಯರ್ ಅವರ್‌ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಇರುವ 12 ವೋಲ್ಟಿನದ್ದು ಹೆಚ್ಚುಕಮ್ಮಿ 12 ಕಿಲೋ ತೂಗುತ್ತದೆ. ಅಷ್ಟೇ ಶಕ್ತಿಯ ಸೀಸದ ಬ್ಯಾಟರಿ ಎತ್ತುವಾಗ ಸೊಂಟ ಹಿಡಿದೀತು.

ಒಂದು ಲೆಕ್ಕ ಮಾತ್ರ ಬಾಯಿಪಾಠ ಆಗಲಿ. ಇದನ್ನು ಚಾರ್ಜ್ ಮಾಡುವುದು 0ಯಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ. ಬಳಸುವುದಕ್ಕಾದರೆ ಸಾಮಾನ್ಯವಾಗಿ ಮೈನಸ್ 20ರಿಂದ 60ರವರೆಗೂ ನಡೆಯುತ್ತದೆ. ನಿಮ್ಮ ಬ್ಯಾಟರಿಯ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಮೊದಲ ಕೆಲಸ, ಜಾಗ ಹುಡುಕುವುದು. ಮಂಚದ ಅಡಿ ಆದೀತು. ಬಾನೆಟ್ಟಿನೊಳಗೆ, ಸೈಲೆನ್ಸರ್ ಪೈಪಿನ ಹತ್ತಿರ ಬೇಡವೇ ಬೇಡ. ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು, ಬೆಲ್ಟ್ ಹಾಕಿ ಬಿಗಿಯಿರಿ. ಆಗುಂಬೆ ಘಾಟಿಯ ತಿರುವುಗಳಲ್ಲಿ ಸಡಿಲ ಬಿಟ್ಟದ್ದೆಲ್ಲ ಕುಣಿಯುತ್ತದೆ. ಪಾಸಿಟಿವ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ.

ನಮ್ಮ ಕಡೆ ಚಳಿಗಿಂತ ಬಿಸಿಲಿನದ್ದೇ ಕಾಟ. ಒಮ್ಮೆ ಏಪ್ರಿಲ್‌ನಲ್ಲಿ ಶಿವಮೊಗ್ಗಕ್ಕೆ ಮದುವೆಗೆ ಹೋದವನು ಕಿಟಕಿ ಮುಚ್ಚಿ ಗಾಡಿಯನ್ನು ಬಯಲಲ್ಲೇ ನಿಲ್ಲಿಸಿದ್ದೆ. ಸಂಜೆ ಬಂದರೆ ಫ್ಯಾನು ತಿರುಗಲೇ ಇಲ್ಲ. ಬ್ಯಾಟರಿ ಸತ್ತಿತು ಅಂದುಕೊಂಡೆ. ಸತ್ತಿರಲಿಲ್ಲ. ಒಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಕಾವು ಮೀರಿದ್ದಕ್ಕೆ ಲೈನ್ ಕಡಿದಿತ್ತು. ಬಾಗಿಲು ತೆರೆದಿಟ್ಟು, ನಿಧಾನಕ್ಕೆ ಕಾಫಿ ಕುಡಿದು ಬರುವಷ್ಟರಲ್ಲಿ ತಾನೇ ಸರಿಹೋಯಿತು. ಆಮೇಲಿಂದ ನಾನು ನೆರಳಿಲ್ಲದೆ ಗಾಡಿ ನಿಲ್ಲಿಸಿಲ್ಲ. ಬಿಎಂಎಸ್ ಕೊನೆಯ ಕಾವಲು, ದಿನಾ ಅದನ್ನೇ ನಂಬಿ ಕೂರಬೇಡಿ. ಬಿಸಿಯಲ್ಲೇ ಇಟ್ಟ ಬ್ಯಾಟರಿಗೆ ಬೇಗ ಮುಪ್ಪು ಬರುತ್ತದೆ.

ಎರಡನೆಯದು ಚಾರ್ಜಿಂಗ್. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನಿಂದ ನೇರ ವೈರ್ ಎಳೆಯಬೇಡಿ. ಲಿಥಿಯಂ ಬಾಯಿ ದೊಡ್ಡದು, ಸಿಕ್ಕಷ್ಟೂ ಎಳೆದುಕೊಳ್ಳುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟೀತು. ನಡುವೆ ಕರೆಂಟನ್ನು ಹದಮಾಡಿ ಕೊಡುವ ಡಿಸಿ–ಡಿಸಿ ಚಾರ್ಜರ್ ಹಾಕಿಸಿ. 12 ವೋಲ್ಟಿನ ಬ್ಯಾಟರಿಯನ್ನು ಚಾರ್ಜ್ ಮಾಡಲು 14.2ರಿಂದ 14.6 ವೋಲ್ಟ್ ಸಾಕು. ಮನೆಯ ಹಳೇ ಇನ್ವರ್ಟರ್‌ನಿಂದ ಚಾರ್ಜ್ ಮಾಡುವುದಾದರೆ, ಅದರಲ್ಲಿ ಸೀಸದ ಬ್ಯಾಟರಿಗೆಂದು ಇರುವ ಈಕ್ವಲೈಸ್ ಮೋಡ್ (ಬೇಕೆಂದೇ ಹೆಚ್ಚು ವೋಲ್ಟ್ ಕೊಡುವ ವಿಧಾನ) ಅದಕ್ಕಿಂತ ಮೇಲೆ ಹೋಗುತ್ತದೆ. ಆ ಮೋಡ್ ಆಫ್ ಇರಲಿ.

ಇನ್ನು ಚಳಿ. ಮಲೆನಾಡಿನಲ್ಲಿ ಸೊನ್ನೆ ಡಿಗ್ರಿಯ ಭಯ ಇಲ್ಲ. ಇದೇ ಗಾಡಿ ಲಡಾಖ್‌ಗೆ ಹೊರಟರೆ ಕಥೆ ಬೇರೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಒಳಗಿನ ಗ್ರಾಫೈಟ್‌ನೊಳಕ್ಕೆ ಸೇರಿಕೊಳ್ಳಬೇಕು. ಹೆಪ್ಪುಗಟ್ಟುವ ಚಳಿಯಲ್ಲಿ ಅವು ಬೇಗ ಒಳಹೋಗಲಾರವು. ಹೊರಮೈಯಲ್ಲೇ ಲೋಹವಾಗಿ ಕೂರುತ್ತವೆ. ಹೀಗೆ ಹೋದ ಸಾಮರ್ಥ್ಯ ಮತ್ತೆ ಬರುವುದಿಲ್ಲ, ಒಳಗೆ ಶಾರ್ಟ್ ಆಗುವ ಅಪಾಯವೂ ಉಂಟು. ಲೈಟು ಉರಿಸಬಹುದು, ಚಾರ್ಜ್ ಮಾತ್ರ ಬೇಡ.

ಎಡವಟ್ಟಾಗುವುದು ಬೆಳಗಿನ ಹೊತ್ತು. ನೀವಿನ್ನೂ ಕಂಬಳಿಯೊಳಗೆ ಇರುತ್ತೀರಿ, ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್ ಮೊದಲ ಬಿಸಿಲಿಗೇ ಚಾರ್ಜ್ ಶುರು ಮಾಡಿರುತ್ತದೆ. ಹಾಗಾಗಿ ರಾತ್ರಿ ಮಲಗುವ ಮುಂಚೆಯೇ ಸೋಲಾರ್ ಮತ್ತು ಡಿಸಿ–ಡಿಸಿ ಎರಡರ ಸ್ವಿಚ್ಚೂ ಆಫ್ ಮಾಡಿ. ಬೆಳಗ್ಗೆ ಬ್ಯಾಟರಿಯ ಮೈಗೆ ಅಂಟಿಸಿದ ಥರ್ಮಾಮೀಟರ್ 5 ಡಿಗ್ರಿ ದಾಟಿದ ಮೇಲೆ ಹಾಕಿ. ಗಾಳಿ ಬೆಚ್ಚಗಾದರೆ ಸಾಲದು, ಬ್ಯಾಟರಿಯ ಹೊಟ್ಟೆ ಬೆಚ್ಚಗಾಗಲು ಕೆಲವು ಗಂಟೆ ಬೇಕು. ಕೊಳ್ಳುವಾಗಲೇ ‘ಚಳಿಯಲ್ಲಿ ಚಾರ್ಜ್ ತಾನಾಗಿ ನಿಲ್ಲುತ್ತದಾ?’ ಎಂದು ಕೇಳಿ. ಅಗ್ಗದವುಗಳಲ್ಲಿ ಎಷ್ಟೋ ಬಾರಿ ಆ ವ್ಯವಸ್ಥೆ ಇರುವುದಿಲ್ಲ. ಹೀಟಿಂಗ್ ಪ್ಯಾಡ್ ಇರುವ ಬ್ಯಾಟರಿಯೂ ಸಿಗುತ್ತದೆ. ಊರಲ್ಲೇ ಓಡಾಡುವವರಿಗೆ ಅದು ಸುಮ್ನೆ ದುಡ್ಡು ದಂಡ.

ಮಳೆಗಾಲ ಪೂರ್ತಿ ಗಾಡಿ ಕೊಟ್ಟಿಗೆಯಲ್ಲೇ ನಿಲ್ಲುವುದಾದರೆ ಚಾರ್ಜನ್ನು ಅರ್ಧಕ್ಕೆ ಇಳಿಸಿ, ನೆಗೆಟಿವ್ ವೈರ್ ಬಿಚ್ಚಿಡಿ. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ವೈರಿನ ತುದಿಯ ತಾಮ್ರದ ಲಗ್ಗಿಗೆ ಕಿಲುಬು ಬರದೇ ಇರುತ್ತದಾ? ಟರ್ಮಿನಲ್ಲಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ತಿಂಗಳಿಗೊಮ್ಮೆ ಇಣುಕಿ ನೋಡಿ.