ಎಂಟುನೂರಕ್ಕೆ ನಾನು ಹಾಕಿದ ಲೆಕ್ಕ

"ಓಡಿಸೋದು ಬಿಟ್ಟು ಗುಣಾಕಾರ ಮಾಡ್ತಾ ಕೂತಿದ್ದೀರಲ್ಲ ಸಾರ್, ಇದೇನು ಚೀಟಿ ವ್ಯವಹಾರವೇ?" ಎಂದು ನಮ್ಮ ಮೈದಾನದಲ್ಲಿ ನಗದವರಿಲ್ಲ. ನಾನು ತರಬೇತಿ ಕೊಡುವ ಸಣ್ಣ ಹುಡುಗ 800 ಮೀಟರ್ ಓಟವನ್ನು 1:54 (ಒಂದು ನಿಮಿಷ 54 ಸೆಕೆಂಡ್) ಚಿಲ್ಲರೆಗೆ ಮುಗಿಸಿದ ಮೇಲೆ ಅವರಲ್ಲೇ ಇಬ್ಬರು ನನ್ನ ನೋಟ್‌ಬುಕ್ಕಿನ ಫೋಟೊ ತೆಗೆದುಕೊಂಡು ಹೋದರು.

ಲೆಕ್ಕ ಹಳೆಯದೇ. 400 ಮೀಟರಿನ ಟೈಮಿಂಗ್ ದುಪ್ಪಟ್ಟು ಮಾಡಿ, 800ರದ್ದರಿಂದ ಕಳೆಯುವುದು. ವ್ಯತ್ಯಾಸ ದೊಡ್ಡದಾದರೆ ವೇಗದವನು, ಚಿಕ್ಕದಾದರೆ ದಮ್ಮಿನವನು. ಕ್ಯೂಬಾದ ಹುವಾಂಟೊರೆನಾ 44.26 ಮತ್ತು 1:43.44: ಹೆಚ್ಚುಕಡಿಮೆ 15 ಸೆಕೆಂಡ್. ಬ್ರಿಟನ್ನಿನ ಸೆಬಾಸ್ಟಿಯನ್ ಕೋ 46.87 ಮತ್ತು 1:41.73: ಬರೀ 8. ಇಬ್ಬರೂ 800ರಲ್ಲಿ ವಿಶ್ವದಾಖಲೆ ಮಾಡಿದವರೇ. ಒಬ್ಬ ವೇಗದ ಮೇಲೆ ಬದುಕಿದ, ಇನ್ನೊಬ್ಬ ದಮ್ಮಿನ ಮೇಲೆ.

ನನ್ನ ಸಣ್ಣವನದು 53.5 ಮತ್ತು 1:58. ವ್ಯತ್ಯಾಸ 11. ದಮ್ಮು ಇನ್ನೂ ಬೆಳೆಸಬಹುದು ಅಂದುಕೊಂಡು ವಾರಕ್ಕೆ ಎಪ್ಪತ್ತು ಕಿಲೋಮೀಟರ್ ಓಡಿಸಿದೆ. ಒಂದು ವರ್ಷ ಹೋಯಿತು, ಅರ್ಧ ಸೆಕೆಂಡೂ ಇಳಿಯಲಿಲ್ಲ. ಅವರಪ್ಪ ಬಂದು, "ಮೇಷ್ಟ್ರೇ, ರೇಷ್ಮೆ ಮನೆ ಕೆಲಸಕ್ಕಾದರೂ ಆಗ್ತಿದ್ದ" ಅಂದರು. ಏನು ಹೇಳಲಿ?

ತಪ್ಪು ಸಿಕ್ಕಿದ್ದು ಸರ್ವೆಯರ್ ಗೆಳೆಯನಿಂದ ಎರವಲು ತಂದ ಟೇಪಿನಲ್ಲಿ. 400 ಇರಬೇಕಾದ ನಮ್ಮ ಮಣ್ಣಿನ ಟ್ರ್ಯಾಕಿನ ಒಳಸುತ್ತು 392 ಮೀಟರ್! 400, 800 ಎರಡನ್ನೂ ಅಲ್ಲೇ ತೆಗೆದಿದ್ದರೆ ವ್ಯತ್ಯಾಸ ಅಷ್ಟೇನೂ ಕೆಡುತ್ತಿರಲಿಲ್ಲ. ನಾನು 400 ಇಲ್ಲಿಯದು, 800 ಬೆಂಗಳೂರಿನ ಸಿಂಥೆಟಿಕ್ ಟ್ರ್ಯಾಕಿನದು ಹಿಡಿದಿದ್ದೆ. ಸರಿಮಾಡಿದರೆ ಹುಡುಗನ 400 ನಿಜಕ್ಕೂ 54.6, ವ್ಯತ್ಯಾಸ 9ಕ್ಕೂ ಕಡಿಮೆ. ದಮ್ಮು ಆಗಲೇ ತುದಿ ಮುಟ್ಟಿತ್ತು, ಬೇಕಿದ್ದದ್ದು ವೇಗ.

ಕಿಲೋಮೀಟರ್ ನಲವತ್ತಕ್ಕೆ ಇಳಿಸಿದೆ. 150 ಮೀಟರನ್ನು ಮತ್ತೆ ಮತ್ತೆ ಓಡಿಸುವ ರಿಪಿಟೇಷನ್, ಕೆರೆ ಏರಿಯ ಇಳಿಜಾರು ಹತ್ತಿಸುವುದು, ನಡುವೆ ಪೂರ್ತಿ ವಿಶ್ರಾಂತಿ. "ಹುಡುಗ ಸೋಮಾರಿಯಾಗ್ತಾನೆ" ಎಂದರು. ಗುರುವಾರದ ವರ್ಕೌಟ್ ಏನೆಂದು ಮಾತ್ರ ಕೇಳಬೇಡಿ, ಅದನ್ನು ಫೋಟೊ ತೆಗೆಯಲೂ ಬಿಟ್ಟಿಲ್ಲ. ಎಂಟು ತಿಂಗಳಿಗೆ 400 ಸುಮಾರು 52.8ಕ್ಕೆ ಬಂತು, 800ರದ್ದೂ ಅದರ ಹಿಂದೆ ತಾನಾಗಿಯೇ ಇಳಿಯಿತು.

ಖರ್ಚು? ಸ್ಪೈಕ್ಸ್ (ಮೊಳೆ ಬೂಟು) ಮೂರು ಸಾವಿರದ ಹತ್ತಿರ, ಬೆಂಗಳೂರಿನ ಬಸ್ಸು, ಮೊಟ್ಟೆ, ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ನನ್ನ ಜೇಬಿನಿಂದ. ಬರಬೇಕಿದ್ದ ಕಿಟ್ ಹಣ ಇವತ್ತಿಗೂ ಬಂದಿಲ್ಲ.

ನಡುವೆ 1500 ಮೀಟರಿನ ಟೈಮಿಂಗನ್ನು 800ರದ್ದರಿಂದ ಭಾಗಿಸುವ ಹುಚ್ಚೂ ಹತ್ತಿತ್ತು; ಉತ್ತರ ಚಿಕ್ಕದಾದಷ್ಟೂ ದಮ್ಮು ಜಾಸ್ತಿ. ನಮ್ಮ ದೇಶದ ಓಟಗಾರ ಜಿನ್ಸನ್ ಜಾನ್ಸನ್‌ಗೆ (3:35.24, 1:45.65) 2.04 ಬರುತ್ತದೆ, ಮೊರಾಕ್ಕೊದ ಎಲ್ ಗೆರೂಜ್‌ಗೆ 1.92. ನಮ್ಮವನಿಗೆ 2.11 ಬಂದು ತಲೆಕೆಟ್ಟಿತು. ಆಮೇಲೆ ಹೊಳೆಯಿತು: ಜಿಲ್ಲಾ ಮಟ್ಟದ 1500ರಲ್ಲಿ ಮೊದಲೆರಡು ಸುತ್ತು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಜಾಗಿಂಗ್ ಮಾಡುತ್ತಾರೆ. ಆ ಟೈಮಿಂಗ್ ಯಾವ ಲೆಕ್ಕಕ್ಕೂ ಬಾರದು.

ಲಾಂಗ್ ರನ್ನಿನ ಮರುದಿನ 400 ತೆಗೆದರೂ ಇದೇ ಕಥೆ. ದಣಿದ ಕಾಲು ವ್ಯತ್ಯಾಸವನ್ನು ಚಿಕ್ಕದು ಮಾಡಿ ತೋರಿಸುತ್ತದೆ, ವೇಗದ ಹುಡುಗನೂ ದಮ್ಮಿನವನಂತೆ ಕಾಣುತ್ತಾನೆ. ಎರಡು ಸಲ ಮೋಸಹೋದೆ.

ಇನ್ನೊಬ್ಬ ಉದ್ದಕಾಲಿನವನಿದ್ದಾನೆ: 51.2 ಮತ್ತು 2:01, ವ್ಯತ್ಯಾಸ 18 ದಾಟುತ್ತದೆ. 400 ಹರ್ಡಲ್ಸ್‌ಗೆ ಹಾಕಿ ನೋಡಿದೆ, ಎಂಟನೇ ಹರ್ಡಲ್‌ಗೆ ಬಿದ್ದು ಮಂಡಿ ತರಚಿಕೊಂಡ. ಈಗ ಸಣ್ಣವನಿಂದ ಕಿತ್ತ ಕಿಲೋಮೀಟರುಗಳೆಲ್ಲ ಇವನ ಪಾಲಿಗೆ. ಮುಂದಿನ ಭಾನುವಾರ ಇವನ ಟೈಮಿಂಗ್ ತೆಗೆಯಬೇಕು. ಟೇಪನ್ನು ಇನ್ನೂ ವಾಪಸ್ ಕೊಟ್ಟಿಲ್ಲ.